ಕಡಲ ಮೇಲಿನ ಹೊಗೆಯ ಲೆಕ್ಕ ಹಡಗಿನ ಕಪಾಟಿನಲ್ಲೇ ಉಳಿಯಬಾರದು

ಸಂಪಾದಕರಿಗೆ,

ಮಾನ್ಯರೇ,

ಕೇಂದ್ರ ಬಂದರು ಸಚಿವಾಲಯವು 2025ರ ಫೆಬ್ರುವರಿಯಲ್ಲಿ ‘ಒಂದು ರಾಷ್ಟ್ರ, ಒಂದು ಬಂದರು ಪ್ರಕ್ರಿಯೆ’ ಎಂಬ ಹೆಸರಿನಲ್ಲಿ ದೇಶದ ದೊಡ್ಡ ಬಂದರುಗಳ ಕಾಗದಪತ್ರಗಳನ್ನು ಏಕರೂಪಕ್ಕೆ ತರುವ ಕೆಲಸವನ್ನು ಕೈಗೆತ್ತಿಕೊಂಡಿತು. ಕಂಟೇನರ್ ಸಾಗಣೆಗೆ ಬೇಕಿದ್ದ 143 ದಾಖಲೆಗಳನ್ನು 96ಕ್ಕೂ, ಬಲ್ಕ್ ಸರಕಿಗೆ ಬೇಕಿದ್ದ 150 ದಾಖಲೆಗಳನ್ನು 106ಕ್ಕೂ ಇಳಿಸಲಾಗಿದೆ ಎಂದು ಆಗ ಪ್ರಕಟಿಸಲಾಯಿತು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದ ನನಗೆ ಈ ಸುದ್ದಿ ಸಂತೋಷವನ್ನೇ ತಂದಿತು. ಒಂದೇ ಎಂಜಿನ್ನಿನ ವಿವರವನ್ನು ಒಂದೇ ಬೆಳಗ್ಗೆ ಮೂರು ಕಚೇರಿಗಳಿಗೆ ಮೂರು ನಮೂನೆಯಲ್ಲಿ ಬರೆದುಕೊಟ್ಟವರಿಗೆ ಅದರ ಬೆಲೆ ಗೊತ್ತು. ಆದರೆ ಕತ್ತರಿ ಹಿಡಿದ ಕೈ ಒಂದು ಬಗೆಯ ದಾಖಲೆಗಳ ಹತ್ತಿರ ಬಂದಾಗ ತುಸು ನಿಧಾನಿಸಬೇಕು ಎಂಬುದು ನನ್ನ ಬಿನ್ನಹ. ಹಡಗುಗಳೂ ಕಡಲ ನಡುವಿನ ತೈಲ ವೇದಿಕೆಗಳೂ ಉಗುಳುವ ಹೊಗೆಯನ್ನು ಹಿಡಿತದಲ್ಲಿಡಲು ಇರುವ ದಾಖಲೆಗಳು ಅವು. ಅವುಗಳ ದೋಷ ಸಂಖ್ಯೆಯಲ್ಲಿಲ್ಲ. ಬರೆದದ್ದು ಬರೆದಲ್ಲೇ ಉಳಿಯುತ್ತದೆ, ಆ ಹೊಗೆಯನ್ನು ಉಸಿರಾಡುವ ಊರಿನವರ ಕೈಗೆ ಬರುವುದಿಲ್ಲ ಎಂಬುದರಲ್ಲಿದೆ.

ಹಡಗಿನ ಹೊಗೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಟ್ಟಳೆಗಳು, ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯಲೆಂದೇ ಇರುವ ಮಾರ್ಪೋಲ್ ಒಪ್ಪಂದದ ಆರನೆಯ ಅನುಬಂಧದಲ್ಲಿವೆ. 1997ರಲ್ಲಿ ಅಂಗೀಕಾರವಾದ ಈ ಅನುಬಂಧ ಜಾರಿಗೆ ಬಂದದ್ದು 2005ರ ಮೇ 19ರಂದು. ಭಾರತ ಅದಕ್ಕೆ ಸೇರಿದ್ದು 2011ರಲ್ಲಿ. ಅದರ ಪ್ರಕಾರ 400 ಗ್ರಾಸ್ ಟನ್ (ಇದು ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಹಡಗುಗಳು ಇಂಧನ ತುಂಬಿಸಿಕೊಳ್ಳುವಾಗಲೆಲ್ಲ ಸರಬರಾಜುದಾರನಿಂದ ‘ಬಂಕರ್ ಡೆಲಿವರಿ ನೋಟ್’ ಎಂಬ ಚೀಟಿಯನ್ನು ಪಡೆಯಬೇಕು. ಎಂಜಿನ್ ಕೋಣೆಯವರು ಇದನ್ನು ಬಿಡಿಎನ್ ಎಂದೇ ಕರೆಯುತ್ತಾರೆ. ಹಡಗಿನ ಹೆಸರು ಮತ್ತು ಐಎಂಒ ಸಂಖ್ಯೆ (ಪ್ರತಿ ಹಡಗಿಗೂ ಇರುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ), ಬಂದರು, ಇಂಧನ ಹರಿಸಲು ಆರಂಭಿಸಿದ ದಿನಾಂಕ, ಸರಬರಾಜುದಾರನ ವಿಳಾಸ, ಎಷ್ಟು ಟನ್, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಎಷ್ಟು, ಗಂಧಕ ಶೇಕಡ ಎಷ್ಟು ಎಂಬಿವೆಲ್ಲ ಅದರಲ್ಲಿರಬೇಕು. ಕೆಳಗೆ, ಈ ಇಂಧನವು ನಿಯಮಕ್ಕೆ ಅನುಗುಣವಾಗಿದೆ ಎಂದು ಸರಬರಾಜುದಾರನ ಕಡೆಯವರು ಸಹಿ ಮಾಡಿರಬೇಕು. ಚೀಟಿಯನ್ನು ಹಡಗಿನಲ್ಲಿ ಮೂರು ವರ್ಷ ಜೋಪಾನವಾಗಿಡಬೇಕು. ಸರಬರಾಜುದಾರನೂ ತನ್ನ ಪ್ರತಿಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು.

ಚೀಟಿಯೊಂದಿಗೆ ಒಂದು ಬಾಟಲಿಯೂ ಬರುತ್ತದೆ. ಇಂಧನ ತರುವ ಬಾರ್ಜ್ ದೋಣಿಯಿಂದ ಹಡಗಿನ ಕೊಳವೆಗೆ ಎಣ್ಣೆ ಹರಿಯುವಷ್ಟು ಹೊತ್ತೂ, ಕೊಳವೆ ಸೇರುವ ಜಾಗದಲ್ಲಿ ಕಟ್ಟಿದ ಸಾಧನದಿಂದ ಹನಿಹನಿಯಾಗಿ ಸಂಗ್ರಹಿಸಿದ ಎಣ್ಣೆಯನ್ನು ಬಾಟಲಿಗಳಿಗೆ ತುಂಬಿ, ಎರಡೂ ಕಡೆಯವರ ಎದುರಿನಲ್ಲಿ ಸೀಲ್ ಮಾಡಿ, ಸೀಲ್ ಸಂಖ್ಯೆಯನ್ನು ದಾಖಲಿಸಿಕೊಳ್ಳುತ್ತಾರೆ. ಆ ಎಣ್ಣೆ ಬಹುಮಟ್ಟಿಗೆ ಉರಿದು ಮುಗಿಯುವವರೆಗೆ, ಕಡಿಮೆಯೆಂದರೂ ಹನ್ನೆರಡು ತಿಂಗಳು, ಬಾಟಲಿ ಹಡಗಿನ ವಶದಲ್ಲಿರಬೇಕು. ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಹಾಲು ಅಳೆದು, ಮಾದರಿ ತೆಗೆದು, ಜಿಡ್ಡಿನ ಅಂಶ ನಮೂದಿಸಿ ಚೀಟಿ ಕೊಡುವ ಕ್ರಮವನ್ನು ಬಲ್ಲವರಿಗೆ ಇದರ ತರ್ಕ ತಕ್ಷಣ ತಿಳಿಯುತ್ತದೆ. ವ್ಯತ್ಯಾಸ ಒಂದೇ: ಸೊಸೈಟಿಯಲ್ಲಿ ಮಾದರಿಯ ಪರೀಕ್ಷೆ ಅಲ್ಲೇ, ಆಗಲೇ ಆಗುತ್ತದೆ, ಹಡಗಿನ ಆ ಬಾಟಲಿ ಯಾರಾದರೂ ಬಂದು ಕೇಳುವವರೆಗೆ ಕಾದಿರುತ್ತದೆ, ಕೇಳುವವರು ಬಾರದೆಯೇ ಅದರ ಅವಧಿ ಮುಗಿಯುವುದೂ ಉಂಟು.

ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಗೆ ಗಂಧಕದ ಲೆಕ್ಕವೇ ಉತ್ತರ. 2020ರ ಜನವರಿ 1ರವರೆಗೆ ಹಡಗಿನ ಇಂಧನದಲ್ಲಿ ಗಂಧಕ ಶೇ 3.50ರವರೆಗೆ ಇರಬಹುದಿತ್ತು, ಅಂದಿನಿಂದ ಮಿತಿ ಶೇ 0.50. ಬಾಲ್ಟಿಕ್, ಉತ್ತರ ಸಮುದ್ರ, ಉತ್ತರ ಅಮೆರಿಕದ ತೀರಗಳಂಥ ವಿಶೇಷ ನಿಯಂತ್ರಣ ವಲಯಗಳಲ್ಲಿ 2015ರಿಂದಲೇ ಶೇ 0.10ರ ಮಿತಿ ಇದ್ದು, 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರವೂ ಆ ಪಟ್ಟಿಗೆ ಸೇರಿದೆ. ಅರಬ್ಬಿ ಸಮುದ್ರ ಸೇರಿಲ್ಲ. ಶೇ 0.50 ಎಂದರೆ ಒಂದು ಟನ್ ಇಂಧನದಲ್ಲಿ ಐದು ಕಿಲೋ ಗಂಧಕ. ಅದು ಉರಿದಾಗ ಹೊರಬರುವುದು ಸುಮಾರು ಹತ್ತು ಕಿಲೋ ಸಲ್ಫರ್ ಡೈಆಕ್ಸೈಡ್. ನಮ್ಮ ರಸ್ತೆಯ ಬಸ್ಸು ಲಾರಿಗಳು ತುಂಬಿಸಿಕೊಳ್ಳುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ ಹತ್ತು ಭಾಗ, ಅಂದರೆ ಒಂದು ಟನ್ನಿಗೆ ಹತ್ತು ಗ್ರಾಂ. ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಹಡಗೂ ಒಂದು ಟನ್ ಇಂಧನಕ್ಕೆ ಲಾರಿಯ ಐನೂರು ಪಟ್ಟು ಗಂಧಕವನ್ನು ಸುಡಬಹುದು ಎಂದಾಯಿತು. ಕರಾವಳಿಯಲ್ಲಿ ಹಗಲು ಹೊತ್ತು ಗಾಳಿ ಬೀಸುವುದು ಕಡಲಿನಿಂದ ದಡಕ್ಕೆ ಎಂಬುದನ್ನು ಇಲ್ಲಿನ ಓದುಗರಿಗೆ ಹೇಳಬೇಕಾಗಿಲ್ಲ.

ಬಿಡಿಎನ್ ಅಲ್ಲದೆ ಇನ್ನೂ ಕೆಲವು ದಾಖಲೆಗಳಿವೆ. ಶೇ 0.10ರ ವಲಯವನ್ನು ಪ್ರವೇಶಿಸುವ ಮುನ್ನ ಇಂಧನ ಬದಲಾಯಿಸಿದ ದಿನ, ಗಳಿಗೆ, ಆಗ ಹಡಗು ಇದ್ದ ಅಕ್ಷಾಂಶ ರೇಖಾಂಶ, ಪ್ರತಿ ಟ್ಯಾಂಕಿನಲ್ಲಿದ್ದ ಎಣ್ಣೆಯ ಪ್ರಮಾಣ ಇವನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು. 130 ಕಿಲೋವ್ಯಾಟ್‌ಗಿಂತ ದೊಡ್ಡ ಡೀಸೆಲ್ ಎಂಜಿನ್‌ಗಳಿಗೆ ಸಾರಜನಕದ ಆಕ್ಸೈಡ್‌ಗಳ ಪ್ರಮಾಣಪತ್ರ, ಬಿಡಿಭಾಗ ಬದಲಿಸಿದರೆ ಅದರ ದಾಖಲೆ, ಶೀತಲೀಕರಣದ ಅನಿಲಗಳಿಗೆ ಇನ್ನೊಂದು ಪುಸ್ತಕ, ಕಚ್ಚಾತೈಲದ ಟ್ಯಾಂಕರ್‌ಗಳಿಗೆ ಆವಿಯ ನಿರ್ವಹಣೆಯ ಯೋಜನೆ. ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ನನ್ನ ತಕರಾರು ಈ ದಾಖಲೆಗಳ ಪಯಣದ ಬಗ್ಗೆ. ಬಿಡಿಎನ್ ಯಾವ ಕಚೇರಿಗೂ ತಾನಾಗಿ ಹೋಗುವುದಿಲ್ಲ. ಬಂದರಿನಲ್ಲಿ ತಪಾಸಣೆಗೆ ಸರ್ವೇಯರ್ ಹಡಗು ಹತ್ತಿದರೆ, ಹತ್ತಿ ಆ ಕಡತವನ್ನೇ ಕೇಳಿದರೆ, ಆಗ ತೆರೆದು ತೋರಿಸಬೇಕು, ಅಷ್ಟೆ. ಇದನ್ನು ದಡದ ಮೇಲಿನ ವ್ಯವಸ್ಥೆಯೊಂದಿಗೆ ಹೋಲಿಸಿ ನೋಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರಲ್ಲಿ ತೈಲ ಶುದ್ಧೀಕರಣ ಘಟಕಗಳೂ ಸೇರಿದಂತೆ 17 ಬಗೆಯ ಹೆಚ್ಚು ಮಾಲಿನ್ಯಕಾರಕ ಉದ್ಯಮಗಳಿಗೆ ಚಿಮಣಿಯಲ್ಲೇ ಮಾಪಕಗಳನ್ನು ಅಳವಡಿಸಿ, ಅಂಕಿಗಳನ್ನು ನಿರಂತರವಾಗಿ ಆನ್‌ಲೈನ್ ಮೂಲಕ ಕಳಿಸುವಂತೆ ನಿರ್ದೇಶನ ನೀಡಿತು. ಆದ್ದರಿಂದ ಮಂಗಳೂರಿನ ಶುದ್ಧೀಕರಣ ಘಟಕದ ಚಿಮಣಿಯ ಗಂಧಕ ಮಂಡಳಿಯ ಪರದೆಯ ಮೇಲೆ ಕಾಣುತ್ತದೆ. ಅದೇ ಘಟಕಕ್ಕೆ ಕಚ್ಚಾತೈಲ ತರುವ ಭಾರಿ ಟ್ಯಾಂಕರ್ ಬಂದರಿನ ಒಳಗೆ ಬಾರದೆ, ಕಡಲ ನಡುವಿನ ಸಿಂಗಲ್ ಪಾಯಿಂಟ್ ಮೂರಿಂಗ್ ಎಂಬ ತೇಲುವ ಬೋಯಾಕ್ಕೆ ಕಟ್ಟಿಕೊಂಡು ತೈಲ ಇಳಿಸುತ್ತದೆ. ಇಂಥ ಬಹುತೇಕ ಟ್ಯಾಂಕರ್‌ಗಳಲ್ಲಿ ಸರಕಿನ ಪಂಪುಗಳು ಉಗಿಯಿಂದ ನಡೆಯುತ್ತವೆ. ಪಂಪು ತಿರುಗಬೇಕಾದರೆ ಬಾಯ್ಲರ್ ಪೂರ್ಣ ಬಲದಲ್ಲಿ ಉರಿಯಬೇಕು. ಎರಡು ಮೂರು ಲಕ್ಷ ಟನ್ ಹೊರುವ ಹಡಗನ್ನು ಖಾಲಿ ಮಾಡುವಾಗ ಆ ಬಾಯ್ಲರ್ ನುಂಗುವ ಎಣ್ಣೆ ಸಣ್ಣ ಪ್ರಮಾಣದ್ದಲ್ಲ. ಆ ಎಣ್ಣೆಯ ಪೂರ್ಣ ಲೆಕ್ಕ ಹಡಗಿನ ಲಾಗ್ ಪುಸ್ತಕದಲ್ಲಿ, ಚೀಫ್ ಎಂಜಿನಿಯರನ ಕೈಬರಹದಲ್ಲಿಯೋ ಕಂಪ್ಯೂಟರಿನಲ್ಲಿಯೋ ಇದ್ದೇ ಇರುತ್ತದೆ. ಹಡಗು ಹಗ್ಗ ಬಿಚ್ಚಿದ ಮೇಲೆ ಲೆಕ್ಕವೂ ಅದರೊಂದಿಗೆ ಹೊರಟುಹೋಗುತ್ತದೆ. ಒಂದೇ ತೈಲದ ಪಯಣದಲ್ಲಿ ದಡದ ಹೊಗೆಗೆ ಗಳಿಗೆ ಗಳಿಗೆಗೂ ವರದಿ, ಕಡಲ ಹೊಗೆಗೆ ಒಂದು ಸಾಲೂ ಇಲ್ಲ ಎಂಬುದನ್ನು ಸಮರ್ಥಿಸುವ ಕಾರಣ ನನಗೆ ಯಾವುದೂ ತೋರುವುದಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿ ವರದಿಯೇ ಇಲ್ಲ ಎಂದು ಹೇಳಲಾಗದು. 5,000 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು 2019ರಿಂದ ತಾವು ಸುಟ್ಟ ಇಂಧನ, ಕ್ರಮಿಸಿದ ದೂರ, ಸಾಗಿದ ಗಂಟೆಗಳನ್ನು ವರ್ಷಕ್ಕೊಮ್ಮೆ ತಾವು ನೋಂದಣಿಯಾದ ದೇಶಕ್ಕೆ ಸಲ್ಲಿಸುತ್ತವೆ. ಆ ದೇಶ ಅದನ್ನು ಪರಿಶೀಲಿಸಿ ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯ ದತ್ತಸಂಚಯಕ್ಕೆ ಕಳಿಸುತ್ತದೆ. ಅಂತರರಾಷ್ಟ್ರೀಯ ಹಡಗು ಸಾರಿಗೆಯ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 85ರಷ್ಟು ಈ ಹಡಗುಗಳದ್ದೇ ಎಂಬುದು ಆ ಸಂಸ್ಥೆಯ ಅಂದಾಜು. ಆದರೆ ಅಲ್ಲಿಂದ ಹೊರಬರುವ ವಾರ್ಷಿಕ ವರದಿಯಲ್ಲಿ ಹಡಗಿನ ಗುರುತು ಇರುವುದಿಲ್ಲ, ಎಲ್ಲವೂ ಒಟ್ಟು ಮೊತ್ತ.

ಐರೋಪ್ಯ ಒಕ್ಕೂಟ ಬೇರೆ ದಾರಿ ಹಿಡಿಯಿತು. 2015ರ ತನ್ನ ಕಾನೂನಿನಂತೆ 2018ರಿಂದ, ತನ್ನ ಬಂದರುಗಳಿಗೆ ಬರುವ ಹೋಗುವ 5,000 ಗ್ರಾಸ್ ಟನ್ನಿಗೆ ಮೀರಿದ ಪ್ರತಿ ಹಡಗಿನ ವಾರ್ಷಿಕ ಲೆಕ್ಕವನ್ನು ಸ್ವತಂತ್ರ ಪರಿಶೀಲಕರಿಂದ ತಾಳೆ ನೋಡಿಸಿ, ಹಡಗಿನ ಹೆಸರು ಹಾಗೂ ಐಎಂಒ ಸಂಖ್ಯೆಯ ಸಮೇತ ಜಾಲತಾಣದಲ್ಲಿ ಪ್ರಕಟಿಸುತ್ತಿದೆ. ಅಲ್ಲಿ ಒಂದು ಕಲಂ ಇದೆ: ಹಡಗು ಒಕ್ಕೂಟದ ಬಂದರುಗಳಲ್ಲಿ ನಿಂತಿದ್ದಾಗ ಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬುದು. ಮಂಗಳೂರಿನ ಬಂದರಿರುವ ಪಣಂಬೂರಿನಿಂದ ನೇರವಾಗಿ ಯುರೋಪಿನ ಬಂದರಿಗೆ ಹೋಗುವ ಹಡಗು ಇದ್ದಲ್ಲಿ, ಮಂಗಳೂರಿನ ಒಬ್ಬ ವಿದ್ಯಾರ್ಥಿ ತನ್ನ ಫೋನಿನಲ್ಲೇ ಆ ಹಡಗಿನ ಐರೋಪ್ಯ ಲೆಕ್ಕವನ್ನು ನೋಡಬಲ್ಲ. ಅದೇ ಹಡಗು ಪಣಂಬೂರಿನ ಧಕ್ಕೆಯಲ್ಲಿ ಎಷ್ಟು ಸುಟ್ಟಿತು ಎಂಬುದನ್ನು ಮಾತ್ರ ಎಲ್ಲಿಯೂ ನೋಡಲಾರ. 2024ರಿಂದ ಐರೋಪ್ಯ ಒಕ್ಕೂಟ ಇದೇ ಲೆಕ್ಕದ ಆಧಾರದ ಮೇಲೆ ಹಡಗು ಕಂಪನಿಗಳಿಂದ ಹಣವನ್ನೂ ವಸೂಲು ಮಾಡುತ್ತಿದೆ. ಒಕ್ಕೂಟದ ಹೊರಗಿನ ಬಂದರಿನಿಂದ ಹೊರಟ ಪಯಣದ ಅರ್ಧ ಪಾಲು ಹೊರಸೂಸುವಿಕೆ ಅದರ ಲೆಕ್ಕಕ್ಕೆ ಬರುತ್ತದೆ. ನಮ್ಮ ತೀರದಲ್ಲಿ ಸುಟ್ಟ ಎಣ್ಣೆಯ ಲೆಕ್ಕ ಬ್ರಸೆಲ್ಸ್‌ಗೆ ಬೇಕು, ಬೆಂಗಳೂರಿಗೆ ಬೇಡ ಎಂಬ ಸ್ಥಿತಿ ಇದು.

ಹಡಗಿಗಿಂತಲೂ ಮಸುಕಾದದ್ದು ಕಡಲ ನಡುವಿನ ತೈಲ ಮತ್ತು ಅನಿಲ ವೇದಿಕೆಗಳ ವಿಚಾರ. ಸಮುದ್ರತಳದ ಖನಿಜದ ಶೋಧನೆ, ಹೊರತೆಗೆಯುವಿಕೆ ಮತ್ತು ಅಲ್ಲೇ ನಡೆಯುವ ಸಂಸ್ಕರಣೆಯಿಂದ ನೇರವಾಗಿ ಬರುವ ಹೊಗೆ ಆರನೆಯ ಅನುಬಂಧದ ವ್ಯಾಪ್ತಿಯಿಂದ ಹೊರಗಿದೆ. ಅನಿಲ ಉರಿಸುವ ಜ್ವಾಲೆಯೂ, ಆ ಕೆಲಸಕ್ಕೆ ಮಾತ್ರ ಮೀಸಲಾದ ಡೀಸೆಲ್ ಎಂಜಿನ್‌ಗಳೂ ಈ ವಿನಾಯಿತಿಯಲ್ಲಿ ಸೇರುತ್ತವೆ. ಅಂದರೆ ಅದರ ಹೊಣೆ ತೀರವುಳ್ಳ ದೇಶದ ಸ್ವಂತ ಕಾನೂನಿನ ಮೇಲೆ ಬೀಳುತ್ತದೆ. ಕರ್ನಾಟಕದ ಎದುರು ಇಂಥ ಉತ್ಪಾದನಾ ವೇದಿಕೆಗಳಿಲ್ಲ ಎಂದು ನಾವು ಸುಮ್ಮನಿರಬಹುದು. ಆದರೆ ಮುಂಬೈ ಹೈ ಎಂಬ ಕಡಲ ತೈಲಕ್ಷೇತ್ರ 1976ರಿಂದ ಉತ್ಪಾದನೆಯಲ್ಲಿದೆ, 2024ರ ನವೆಂಬರಿನಲ್ಲಿ ಕೇಂದ್ರವು ಸಮುದ್ರತಳದ 13 ಖನಿಜ ಬ್ಲಾಕ್‌ಗಳನ್ನು ಮೊದಲ ಬಾರಿಗೆ ಹರಾಜಿಗೆ ಇಟ್ಟಿದೆ, ಅವುಗಳಲ್ಲಿ ಮೂರು ನೆರೆಯ ಕೇರಳದ ಎದುರಿನ ಮರಳಿನ ಬ್ಲಾಕ್‌ಗಳು. ಮರಳೆತ್ತುವ ಯಂತ್ರಗಳಿಗೂ ಎಂಜಿನ್ ಇದೆ, ಎಂಜಿನ್ನಿಗೆ ಹೊಗೆಕೊಳವೆಯೂ ಇದೆ. ಅಲ್ಲಿನ ಮೀನುಗಾರರ ವಿರೋಧ ಮೀನಿನ ನೆಲೆಯ ಬಗ್ಗೆ, ಅದು ನ್ಯಾಯವೂ ಹೌದು. ಹೊಗೆಯ ಪ್ರಶ್ನೆ ಇನ್ನೂ ಯಾರ ಪಟ್ಟಿಯಲ್ಲೂ ಮೇಲೆ ಬಂದಿಲ್ಲ.

ಈ ವಿಷಯದಲ್ಲಿ ನೋಡಿ ಕಲಿಯಬಹುದಾದ ಒಂದು ವ್ಯವಸ್ಥೆ ಅಮೆರಿಕದಲ್ಲಿದೆ. ಅದರಲ್ಲಿ ದೋಷಗಳೂ ಇವೆ. ಕ್ಯಾಲಿಫೋರ್ನಿಯದ ಎದುರಿನ ತೈಲ ವೇದಿಕೆಗಳ ಹೊಗೆ ದಡದ ಊರುಗಳ ಗಾಳಿಯನ್ನು ಕೆಡಿಸುತ್ತಿದೆ ಎಂಬ ದೀರ್ಘಕಾಲದ ದೂರಿನ ಹಿನ್ನೆಲೆಯಲ್ಲಿ, 1990ರಲ್ಲಿ ಅಲ್ಲಿನ ಶುದ್ಧ ಗಾಳಿ ಕಾಯ್ದೆಗೆ 328ನೆಯ ಸೆಕ್ಷನ್ ಸೇರಿತು. 1992ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಅದಕ್ಕೆ ನಿಯಮಗಳನ್ನು ರೂಪಿಸಿತು. ರಾಜ್ಯದ ಕಡಲ ಗಡಿಯಿಂದ 25 ಮೈಲಿಯೊಳಗಿನ ವೇದಿಕೆಗೆ, ಎದುರಿನ ದಡದಲ್ಲಿ ಒಂದು ಕಾರ್ಖಾನೆ ಇದ್ದಿದ್ದರೆ ಯಾವ ನಿಯಮಗಳು ಅನ್ವಯಿಸುತ್ತಿದ್ದವೋ ಅವೇ ಅನ್ವಯಿಸುತ್ತವೆ. ದಡದ ನಿಯಮ ಬದಲಾದರೆ ಕಡಲ ನಿಯಮವನ್ನೂ ಅದಕ್ಕೆ ಹೊಂದಿಸಬೇಕು. ಪರವಾನಗಿಗೆ ಅರ್ಜಿ ಹಾಕುವ ಮೊದಲೇ ಕಂಪನಿಯು ಉದ್ದೇಶದ ಸೂಚನೆಯೊಂದನ್ನು ಸಲ್ಲಿಸಿ, ಯಾವ ಯಾವ ಜಾಗದಿಂದ ಯಾವ ಮಾಲಿನ್ಯ ಎಷ್ಟು ಹೊರಬರಬಹುದು, ಯಾವ ಇಂಧನ ಎಷ್ಟು ಬೇಕಾಗುತ್ತದೆ, ತಡೆಯಲು ಯಾವ ಸಾಧನ ಅಳವಡಿಸಲಾಗುತ್ತದೆ ಎಂದು ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವೇದಿಕೆಗೆ ಸಾಮಾನು ಸಾಗಿಸುವ ಹಡಗುಗಳು ಅದರ 25 ಮೈಲಿ ದೂರದೊಳಗೆ ಬಿಡುವ ಹೊಗೆಯನ್ನೂ ವೇದಿಕೆಯದೇ ಹೊಗೆ ಎಂದು ಎಣಿಸಲಾಗುತ್ತದೆ. ‘ಅದು ನಮ್ಮ ಹೊಗೆಯಲ್ಲ, ಬಾಡಿಗೆ ಹಡಗಿನದು’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಮ್ಯಾಸಚೂಸೆಟ್ಸ್ ಎದುರಿನ ವಿನ್‌ಯಾರ್ಡ್ ವಿಂಡ್ ಎಂಬ ಪವನ ವಿದ್ಯುತ್ ಯೋಜನೆ ಕೂಡ ಇದೇ ಕಾನೂನಿನಡಿ ಪರವಾನಗಿ ಪಡೆಯಬೇಕಾಯಿತು, ಏಕೆಂದರೆ ಗಾಳಿಯಂತ್ರಕ್ಕೆ ಹೊಗೆಯಿಲ್ಲದಿದ್ದರೂ ಅದನ್ನು ಕಡಲಲ್ಲಿ ನಿಲ್ಲಿಸುವ ಹಡಗುಗಳಿಗೆ ಹೊಗೆಯಿದೆ. ಮೆಕ್ಸಿಕೊ ಕೊಲ್ಲಿಯ ಪಶ್ಚಿಮ ಮತ್ತು ಮಧ್ಯ ಭಾಗ ಈ ಕಾನೂನಿನಿಂದ ಹೊರಗಿದ್ದು ಒಳನಾಡು ಇಲಾಖೆಯ ಕೈಯಲ್ಲಿದೆ ಎಂಬುದು ಅಲ್ಲಿನ ತೈಲ ರಾಜಕಾರಣದ ಫಲ. ಆದರೂ ಅಲ್ಲಿ ಸಹ ವೇದಿಕೆಗಳ ತಿಂಗಳವಾರು ಚಟುವಟಿಕೆಯ ಅಂಕಿಗಳನ್ನು ಪಡೆದು, 2000ದಿಂದ ಈಚೆಗೆ ಕೆಲವು ವರ್ಷಗಳಿಗೊಮ್ಮೆ ಇಡೀ ಕೊಲ್ಲಿಯ ಹೊಗೆಯ ಲೆಕ್ಕವನ್ನು ಪ್ರಕಟಿಸುತ್ತಾರೆ.

ಇದರೊಂದಿಗೆ ಕಾಗದದ ಹೊರೆಯ ಬಗೆಗೇ ಅವರಿಗೊಂದು ಕಾನೂನಿದೆ. 1980ರಲ್ಲಿ ಬಂದು 1995ರಲ್ಲಿ ಮರುರೂಪ ಪಡೆದ ಆ ಕಾಯ್ದೆಯ ಪ್ರಕಾರ, ಯಾವುದೇ ಸರ್ಕಾರಿ ಸಂಸ್ಥೆ ಜನರಿಂದಲೋ ಕಂಪನಿಗಳಿಂದಲೋ ಮಾಹಿತಿ ಕೇಳುವ ಮೊದಲು, ಎಷ್ಟು ಮಂದಿ ಉತ್ತರಿಸಬೇಕಾಗುತ್ತದೆ, ವರ್ಷಕ್ಕೆ ಎಷ್ಟು ಬಾರಿ, ಒಟ್ಟು ಎಷ್ಟು ಗಂಟೆಯ ದುಡಿಮೆ, ಎಷ್ಟು ಖರ್ಚು ಎಂಬ ಅಂದಾಜನ್ನು ಪ್ರಕಟಿಸಿ, 60 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಬೇಕು. ಒಪ್ಪಿಗೆ ಸಿಕ್ಕರೂ ಅದರ ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ಬಳಿಕ ಮತ್ತೆ ಮೊದಲಿನಿಂದ ಸಮರ್ಥಿಸಿಕೊಳ್ಳಬೇಕು. ಕಡಲ ವೇದಿಕೆಗಳ ಹೊಗೆಯ ವರದಿಗಳೂ ಈ ಪರೀಕ್ಷೆಗೆ ಒಳಗಾಗುತ್ತವೆ. ನಮ್ಮಲ್ಲಿ ಪರಿಸರ ನಿಯಮದ ಕರಡಿಗೆ ಆಕ್ಷೇಪಣೆ ಸಲ್ಲಿಸಲು 60 ದಿನ ಕೊಡುವ ಕ್ರಮವೇನೋ ಇದೆ. ಆದರೆ ಒಂದು ನಮೂನೆ ತುಂಬಲು ಯಾರ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಎಣಿಸಿ ಹೇಳುವ ರೂಢಿ ಇಲ್ಲ. ಎಣಿಸದೆ ಹೇರುತ್ತೇವೆ, ಬಳಿಕ ಎಣಿಸದೆಯೇ ಕಿತ್ತುಹಾಕುತ್ತೇವೆ. 143 ದಾಖಲೆಗಳು 96 ಆದದ್ದು ನಮಗೆ ಗೊತ್ತು. ಉಳಿದ 96ರಲ್ಲಿ ಯಾವುದು ಯಾರ ಉಪಯೋಗಕ್ಕೆ ಎಂಬುದೂ ಅಷ್ಟೇ ಸಲೀಸಾಗಿ ಗೊತ್ತಾಗುವಂತಿರಬೇಕಿತ್ತು.

ಕಾಗದವನ್ನೇ ನಂಬಿ ಕೂರಬೇಕು ಎಂಬುದು ನನ್ನ ವಾದವಲ್ಲ. ಸುಳ್ಳು ಲಾಗ್ ಬರೆಯುವುದು ಕಡಲಿಗೆ ಹೊಸದೇನಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿ ಹಡಗು ಕಂಪನಿಗಳಿಗೆ ದಂಡ ಬಿದ್ದ ಎಷ್ಟೋ ಎಣ್ಣೆ ಮಾಲಿನ್ಯದ ಪ್ರಕರಣಗಳಲ್ಲಿ ಅಪರಾಧವಾಗಿ ನಿಂತದ್ದು, ದೂರದ ಸಮುದ್ರದಲ್ಲಿ ಎಣ್ಣೆ ಸುರಿದದ್ದಕ್ಕಿಂತ ಹೆಚ್ಚಾಗಿ, ಅದನ್ನು ಮುಚ್ಚಿಟ್ಟ ಸುಳ್ಳು ದಾಖಲೆ ಪುಸ್ತಕವನ್ನು ಬಂದರಿನಲ್ಲಿ ಅಧಿಕಾರಿಗಳ ಮುಂದೆ ಹಿಡಿದದ್ದು. ಸುಳ್ಳನ್ನು ಬಯಲಿಗೆಳೆದ ಸಿಬ್ಬಂದಿಗೆ ದಂಡದ ಅರ್ಧದವರೆಗೆ ಬಹುಮಾನ ಕೊಡಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಡೆನ್ಮಾರ್ಕಿನವರು ಗ್ರೇಟ್ ಬೆಲ್ಟ್ ಸೇತುವೆಯ ಮೇಲೆ ಮೂಸುವ ಸಾಧನವೊಂದನ್ನು ಅಳವಡಿಸಿ, ಕೆಳಗೆ ಹಾದುಹೋಗುವ ಹಡಗುಗಳ ಹೊಗೆಯಲ್ಲಿ ಗಂಧಕ ಎಷ್ಟಿದೆ ಎಂದು ಅಳೆಯುತ್ತಾರೆ. ಅನುಮಾನ ಬಂದ ಹಡಗನ್ನು ಮುಂದಿನ ಬಂದರಿನಲ್ಲಿ ಹತ್ತಿ ಬಿಡಿಎನ್ ಮತ್ತು ಇಂಧನದ ಮಾದರಿಯನ್ನು ತಾಳೆ ನೋಡಬಹುದು. ಕಾಗದ ಇಲ್ಲದಿದ್ದರೆ ಮೂಸುವ ಸಾಧನಕ್ಕೆ ತಾಳೆ ನೋಡಲು ಏನೂ ಇರುತ್ತಿರಲಿಲ್ಲ. ದಾಖಲೆ ಬೇಕಾಗುವುದು ಸತ್ಯ ಹೇಳುತ್ತದೆ ಎಂಬ ನಂಬಿಕೆಯಿಂದಲ್ಲ, ಸುಳ್ಳು ಹೇಳಿದವರನ್ನು ಅವರ ಸಹಿಗೆ ಕಟ್ಟಿಹಾಕಲು.

ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ವಿನಾಯಿತಿಯನ್ನು ಮುಂದೆ ಹಿಡಿಯುವವರೂ ಇದ್ದಾರೆ. ಇಂಧನದ ಬೆಲೆ, ಬಾಡಿಗೆಯ ದರ, ಸರಕಿನ ಒಡೆತನ ಇವು ಗುಟ್ಟಾಗಿಯೇ ಇರಲಿ. ಬಿಡಿಎನ್‌ನಲ್ಲಿ ನಿಯಮ ಕೇಳುವ ವಿವರಗಳಲ್ಲಿ ಬೆಲೆ ಇಲ್ಲವೇ ಇಲ್ಲ. ಗಂಧಕದ ಶೇಕಡವಾರು ಯಾವ ಕಂಪನಿಯ ಆಸ್ತಿ? ನಮ್ಮದೇ ಕಾನೂನಿನಲ್ಲಿ ಇದಕ್ಕೆ ಪೂರ್ವನಿದರ್ಶನವಿದೆ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಪೂರ್ವಾನುಮತಿ ಪಡೆದ ಯೋಜನೆಗಳು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನೆಯ ಅರ್ಧವಾರ್ಷಿಕ ವರದಿ ಸಲ್ಲಿಸಬೇಕು. ಅವು ಸಾರ್ವಜನಿಕ ದಾಖಲೆಗಳು ಎಂದು ಅಧಿಸೂಚನೆಯೇ ಸ್ಪಷ್ಟವಾಗಿ ಹೇಳುತ್ತದೆ. 2020ರ ಜನವರಿಯ ತಿದ್ದುಪಡಿಯು ತೈಲ ಮತ್ತು ಅನಿಲದ ಶೋಧನೆಯನ್ನು ಕೆಳಗಿನ ವರ್ಗಕ್ಕೆ ಇಳಿಸಿ ಅದರ ಪರಿಶೀಲನೆಯನ್ನು ಹಗುರಗೊಳಿಸಿತು. ಮುಂಚಿತ ಪರಿಶೀಲನೆ ಹಗುರವಾದಷ್ಟೂ ನಂತರದ ವರದಿ ಗಟ್ಟಿಯಾಗಿರಬೇಕಾದದ್ದು ನ್ಯಾಯ. ಜನ ವಿಶ್ವಾಸ ಕಾಯ್ದೆಯು ವಾಯು ಕಾಯ್ದೆಯ ಅನೇಕ ಜೈಲು ಶಿಕ್ಷೆಗಳನ್ನು ತೆಗೆದು, ನ್ಯಾಯನಿರ್ಣಯ ಅಧಿಕಾರಿ ವಿಧಿಸುವ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿದೆ. ಆ ಅಧಿಕಾರಿಯ ಮೇಜಿನ ಮೇಲೆ ದಾಖಲೆಯೇ ಇಲ್ಲದಿದ್ದರೆ ಅವರು ಯಾವುದರ ಆಧಾರದಲ್ಲಿ ದಂಡ ವಿಧಿಸಬೇಕು?

ಸಂಸತ್ತು 2025ರಲ್ಲಿ 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಅದರಡಿಯ ನಿಯಮಗಳಲ್ಲಿ ಬಿಡಿಎನ್‌ನ ಒಂದು ಪ್ರತಿಯನ್ನು ಭಾರತದ ಸರಬರಾಜುದಾರರು ಡಿಜಿಟಲ್ ರೂಪದಲ್ಲಿ ನೌಕಾಯಾನ ಮಹಾನಿರ್ದೇಶನಾಲಯಕ್ಕೆ ಅದೇ ದಿನ ಕಳಿಸಬೇಕೆಂದು ಸೇರಿಸುವುದು ಕಷ್ಟದ ಕೆಲಸವಲ್ಲ. ಸಿಂಗಪುರವು 2025ರ ಏಪ್ರಿಲ್ 1ರಿಂದ ತನ್ನ ಬಂದರಿನ ಬಂಕರ್ ಸರಬರಾಜುದಾರರೆಲ್ಲರೂ ಡಿಜಿಟಲ್ ಸೇವೆ ಒದಗಿಸಬೇಕೆಂದು ಕಡ್ಡಾಯಗೊಳಿಸಿದೆ; ಹಡಗಿಗೆ ಇಂಧನ ಮಾರುವುದರಲ್ಲಿ ಜಗತ್ತಿಗೇ ಮೊದಲ ಸ್ಥಾನದಲ್ಲಿರುವ ಬಂದರಿಗೆ ಸಾಧ್ಯವಾದದ್ದು ಅದಕ್ಕಿಂತ ಎಷ್ಟೋ ಕಡಿಮೆ ಮಾರುವ ನಮಗೆ ಅಸಾಧ್ಯವಾಗಲಾರದು. ತೈಲ ವೇದಿಕೆಗಳ ಅರ್ಧವಾರ್ಷಿಕ ವರದಿಗಳಲ್ಲಿ, ಅವುಗಳಿಗೆ ಸೇವೆ ಒದಗಿಸುವ ಹಡಗುಗಳು ಸುಟ್ಟ ಇಂಧನಕ್ಕೂ ಒಂದು ಕಲಂ ಇರಬೇಕು. ಈ ಎರಡಕ್ಕೂ, ತುಂಬುವವರ ಎಷ್ಟು ಗಂಟೆ ಹೋಗುತ್ತದೆ ಎಂಬ ಅಂದಾಜನ್ನು ಕರಡಿನೊಂದಿಗೇ ಪ್ರಕಟಿಸಿದರೆ, ಹೊರೆ ಹೆಚ್ಚಾಯಿತು ಎನ್ನುವವರೂ ಅಂಕಿಯನ್ನಿಟ್ಟೇ ಮಾತಾಡಬೇಕಾಗುತ್ತದೆ.

ಮಂಗಳೂರಿನ ಮಟ್ಟಿಗೆ ದೆಹಲಿಯನ್ನು ಕಾಯಬೇಕಾಗಿಯೂ ಇಲ್ಲ. ನವಮಂಗಳೂರು ಬಂದರು ಪ್ರಾಧಿಕಾರವು ಹಡಗಿನ ಏಜೆಂಟರು ಈಗಾಗಲೇ ತುಂಬುವ ಆನ್‌ಲೈನ್ ನಮೂನೆಗೆ ಎರಡು ಕಲಂ ಸೇರಿಸಲಿ: ಲಂಗರು ಹಾಕಿದ್ದಾಗ, ಧಕ್ಕೆಯಲ್ಲಿದ್ದಾಗ ಮತ್ತು ಬೋಯಾದಲ್ಲಿದ್ದಾಗ ಸುಟ್ಟ ಇಂಧನ ಎಷ್ಟು ಟನ್ ಎಂಬುದು ಒಂದು, ಬಿಡಿಎನ್ ಪ್ರಕಾರ ಅದರ ಗಂಧಕ ಶೇಕಡ ಎಷ್ಟು ಎಂಬುದು ಇನ್ನೊಂದು. ಎರಡೂ ಅಂಕಿಗಳು ಚೀಫ್ ಎಂಜಿನಿಯರನ ಬಳಿ ಪ್ರತಿದಿನ ಮಧ್ಯಾಹ್ನದ ಲೆಕ್ಕದಲ್ಲಿ ಸಿದ್ಧವಾಗಿಯೇ ಇರುತ್ತವೆ. ಹುಡುಕುವ ಶ್ರಮವೂ ಇಲ್ಲ. ಹೊಗೆಯಿಂದ ಗಂಧಕವನ್ನು ತೊಳೆದು ತೆಗೆಯುವ ಸ್ಕ್ರಬ್ಬರ್ ಅಳವಡಿಸಿದ ಹಡಗಾದರೆ ಅದನ್ನೂ ಒಂದು ಗುರುತಿನಲ್ಲಿ ತೋರಿಸಲಿ. ತಿಂಗಳ ಕೊನೆಗೆ ಹಡಗುವಾರು ಪಟ್ಟಿಯನ್ನು ಕನ್ನಡದಲ್ಲಿಯೂ ಬಂದರಿನ ಜಾಲತಾಣದಲ್ಲಿ ಹಾಕಿ, ಒಂದು ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳಿಸಲಿ. ಬೈಕಂಪಾಡಿಯ ಕಾರ್ಖಾನೆಗಳ ಚಿಮಣಿಯ ಅಂಕಿಗಳ ಪಕ್ಕದಲ್ಲಿ ಈ ಅಂಕಿಗಳನ್ನೂ ಇಟ್ಟು ನೋಡಿದ ಮೇಲೆ, ಪಣಂಬೂರು, ಕುಳಾಯಿ, ತಣ್ಣೀರುಬಾವಿಯ ಗಾಳಿಯಲ್ಲಿರುವ ಗಂಧಕದಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಮಂಡಳಿ ಕೈಗೆತ್ತಿಕೊಳ್ಳಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಡಗು ಎಂಜಿನಿಯರ್, ಸುರತ್ಕಲ್